ಗುಡ್ಡದ ಹೊಗೆ ಮನೆಯೊಳಗೆ ಬಂದಿದೆ, ನಾಲ್ಕು ವರ್ಷದ ಮಗ ರಾತ್ರಿಯೆಲ್ಲ ಕೆಮ್ಮುತ್ತಾನೆ

ವಾಳಪೈ ತಾಯಿ (ಸೋಮವಾರ, ರಾತ್ರಿ 11:20)

ಎಲ್ಲರಿಗೂ ನಮಸ್ಕಾರ. ನಾವು ಖಾನಾಪುರ ಕಡೆಯವರು. ಆರು ವರ್ಷಗಳಿಂದ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ವಾಳಪೈ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೇವೆ. ಮೊನ್ನೆಯಿಂದ ಹಿಂದಿನ ಗುಡ್ಡ ಉರಿಯುತ್ತಿದೆ. ಬೆಂಕಿ ದೂರದಲ್ಲಿದೆ, ಊರಿಗೆ ಭಯವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಬೆಂಕಿ ದೂರವಿರಬಹುದು, ಹೊಗೆ ನಮ್ಮ ಹಾಸಿಗೆಯವರೆಗೂ ಬಂದಿದೆ. ಒಗೆದು ಒಣಗಿಸಿದ ಬಟ್ಟೆಯಲ್ಲೂ ಅದೇ ವಾಸನೆ.

ಮಗನಿಗೆ ನಾಲ್ಕು ವರ್ಷ. ಹಗಲು ಆಡಿಕೊಂಡಿರುತ್ತಾನೆ. ರಾತ್ರಿ ಎರಡು ಗಂಟೆಯ ನಂತರ ಕೆಮ್ಮು ಶುರುವಾದರೆ ಬೆಳಗಾಗುವವರೆಗೂ ನಿಲ್ಲುವುದಿಲ್ಲ. ನಿನ್ನೆ ಅವನ ಎದೆಗೆ ಕಿವಿಯಿಟ್ಟಾಗ ಸುಂಯ್ ಎಂಬ ಶಬ್ದ ಕೇಳಿತು. ಇಲ್ಲಿನ ಒಂದು ದವಾಖಾನೆಯಲ್ಲಿ ಎದೆಯನ್ನೂ ನೋಡದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಿದರು. ಹೊಗೆಯ ವಿಷಯ ನಾನೇ ಎತ್ತಿದೆ, ಅವರು ಕೇಳಿಸಿಕೊಳ್ಳಲಿಲ್ಲ. ಅತ್ತೆಯವರು ಊರಿನಿಂದ ಫೋನ್ ಮಾಡಿ ಪಕ್ಕೆಗೆ ಬರೆ ಹಾಕಿಸು ಎನ್ನುತ್ತಿದ್ದಾರೆ. ನಮ್ಮದು ತಗಡಿನ ಚಾವಣಿ. ಗೋಡೆಗೂ ತಗಡಿಗೂ ನಡುವೆ ಕೈ ತೂರುವಷ್ಟು ಸಂದಿ ಇದೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಹೊಗೆ. ಏನು ಮಾಡಲಿ?

ಚೋರ್ಲಾ ದಾರಿ (ಸೋಮವಾರ, ರಾತ್ರಿ 11:48)

ತಂಗಿ, ನಾನು ಬೆಳಗಾವಿ–ಪಣಜಿ ಗಾಡಿ ಓಡಿಸುವವನು. ಇವತ್ತು ಘಾಟಿನ ತಿರುವುಗಳಲ್ಲಿ ಬೆಳಿಗ್ಗೆ ಏಳಕ್ಕೂ ದೀಪ ಹಾಕಿಕೊಂಡೇ ಇಳಿದೆ. 2023ರ ಮಾರ್ಚ್ ನೆನಪಾಯಿತು. ಆಗ ಮಹದಾಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಉರಿದಾಗ ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಚೀಲಗಳಲ್ಲಿ ನೀರು ತುಂಬಿ ತಂದು ಸುರಿದದ್ದನ್ನು ರಸ್ತೆಯಿಂದಲೇ ನೋಡಿದ್ದೆ. ಮಗುವನ್ನು ನಾಲ್ಕು ದಿನ ಅಜ್ಜಿಯ ಊರಿಗೆ ಕಳುಹಿಸಿಬಿಡಿ. ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ, ಬಾಡಿಗೆ ಬೇಡ.

ದಾದಿ ಅಕ್ಕ (ಮಂಗಳವಾರ, ಬೆಳಿಗ್ಗೆ 5:35)

ತಂಗಿ, ಈಗಷ್ಟೇ ನಿಮ್ಮ ಬರಹ ನೋಡಿದೆ. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾಗಿ ಮಾಪ್ಸಾದಲ್ಲಿದ್ದೇನೆ. ನಾನು ವೈದ್ಯೆಯಲ್ಲ. ಆದರೆ ಇದನ್ನು ಓದಿದ ಕೂಡಲೇ ಮಾಡಿ.

ಮಗನ ಅಂಗಿ ತೆಗೆದು, ಬೆಳಕಿನಲ್ಲಿ ಅವನ ಎದೆಯನ್ನು ನೋಡಿ. ಅವನು ಅಳುತ್ತಿರಬಾರದು, ಮಲಗಿದ್ದರೆ ಇನ್ನೂ ಒಳ್ಳೆಯದು. ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಒಂದರಿಂದ ಐದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು ಉಸಿರು ಬಂದರೆ ಅದು ವೇಗದ ಉಸಿರಾಟ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ಆ ಗಡಿ 50, ಎರಡು ತಿಂಗಳಿಗಿಂತ ಚಿಕ್ಕದಕ್ಕೆ 60. ಹೀಗಿದ್ದರೆ ಇವತ್ತೇ ಮಕ್ಕಳ ವೈದ್ಯರ ಬಳಿ ಹೋಗಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ನೀರು ಕುಡಿಯಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಕೆಮ್ಮುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ ಮಂಪರಿನಲ್ಲಿ ಬಿದ್ದರೆ ಗುಣವಾಯಿತು ಎಂದುಕೊಳ್ಳಬೇಡಿ. ಅದು ದಣಿದು ಸೋತಿರುತ್ತದೆ.

ಬರೆ ಹಾಕಿಸಬೇಡಿ. ಕೈ ಮುಗಿದು ಕೇಳುತ್ತೇನೆ. ಪಕ್ಕೆ ಸೆಳೆಯುವ ಕೂಸುಗಳು ಎದೆಯ ಮೇಲೆ ಸುಟ್ಟ ಗಾಯ ಹೊತ್ತು ನಮ್ಮ ವಾರ್ಡಿಗೆ ಬಂದದ್ದನ್ನು ನೋಡಿದ್ದೇನೆ. ಒಂದು ಬೇನೆಯ ಜೊತೆ ಇನ್ನೊಂದು. ಅತ್ತೆಯವರಿಗೆ ಮೊಮ್ಮಗನ ಮೇಲಿನ ಪ್ರೀತಿಯೇ ಹಾಗೆ ಹೇಳಿಸುತ್ತಿದೆ, ಅದು ನನಗೆ ಅರ್ಥವಾಗುತ್ತದೆ. ಅವರಿಗೆ ನನ್ನ ಮಾತನ್ನು ಓದಿ ಹೇಳಿ.

ಆ ಬಾಟಲಿಯ ಮೇಲೆ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎಂಬ ಎರಡು ಹೆಸರು ಒಟ್ಟಿಗೆ ಇವೆಯೇ ನೋಡಿ. ಆ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದ್ದಾರೆ. ನಿಮ್ಮ ಮಗ ಆ ಅಂಚಿನಲ್ಲಿದ್ದಾನೆ. ಅದಕ್ಕಿಂತ ಮುಖ್ಯವಾದದ್ದು, ಸುಂಯ್ ಶಬ್ದ ಬರುವುದು ಶ್ವಾಸನಾಳ ಕಿರಿದಾದಾಗ. ಕೆಮ್ಮಿನ ಔಷಧ ಅದನ್ನು ಅಗಲ ಮಾಡುವುದಿಲ್ಲ.

ವಾಳಪೈ ತಾಯಿ (ಮಂಗಳವಾರ, ಬೆಳಿಗ್ಗೆ 6:10)

ಎಣಿಸಿದೆ ಅಕ್ಕ. 38. ಮತ್ತೊಮ್ಮೆ ಎಣಿಸಿದರೆ 41. ಗುಳಿ ಸ್ವಲ್ಪ ಬೀಳುತ್ತಿದೆ ಎನಿಸುತ್ತಿದೆ, ನನ್ನ ಕಣ್ಣಿಗೆ ಖಾತ್ರಿಯಿಲ್ಲ.

ದಾದಿ ಅಕ್ಕ (ಮಂಗಳವಾರ, ಬೆಳಿಗ್ಗೆ 6:14)

ಖಾತ್ರಿಯಿಲ್ಲದಿದ್ದರೆ ಅದನ್ನು ಹೌದು ಎಂದೇ ತಿಳಿಯಬೇಕು. ಹೊರಡಿ. ಬಾಯಿಗೆ ಗುಟುಕು ಗುಟುಕಾಗಿ ನೀರು ಕೊಡುತ್ತಿರಿ. ಕುಳ್ಳಿರಿಸಿಕೊಂಡೇ ಕರೆದೊಯ್ಯಿರಿ, ಮಲಗಿಸಬೇಡಿ. ಗಾಡಿಯ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಎಳೆಯದಂತೆ ಎಸಿ ಗುಂಡಿ ಇಡಲು ಹೇಳಿ. ದಾರಿಯಲ್ಲಿ ಉಸಿರಾಟ ಇನ್ನಷ್ಟು ಕಷ್ಟವಾದರೆ ಅಲ್ಲಿಯೇ ನಿಂತು 108ಕ್ಕೆ ಕರೆ ಮಾಡಿ.

ಚೋರ್ಲಾ ದಾರಿ (ಮಂಗಳವಾರ, ಬೆಳಿಗ್ಗೆ 6:19)

ನಾನು ಕೇರಿ ಎಂಬ ಊರಿನಲ್ಲಿದ್ದೇನೆ. ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆ. ಮನೆ ಎಲ್ಲಿದೆ ಎಂದು ಖಾಸಗಿ ಸಂದೇಶದಲ್ಲಿ ತಿಳಿಸಿ.

ಜುವಾರಿನಗರ 77 (ಮಂಗಳವಾರ, ಬೆಳಿಗ್ಗೆ 9:02)

ಮಗು ಬೇಗ ಗುಣವಾಗಲಿ. ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾವೆಲ್ಲ ಒಲೆಯ ಹೊಗೆಯಲ್ಲೇ ಬೆಳೆದವರಲ್ಲವೇ? ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲೇ ಮಲಗುತ್ತಿದ್ದೆವು. ನಮಗೇನೂ ಆಗಲಿಲ್ಲ. ಕಾಡಿನ ಹೊಗೆ ಎಂದರೆ ಎಲೆ ಕಟ್ಟಿಗೆಯ ಹೊಗೆ, ಕಾರ್ಖಾನೆಯ ವಿಷವಂತೂ ಅಲ್ಲ. ಹೆದರಿಸುವುದು ಅತಿಯಾಗುತ್ತಿದೆ ಎಂದು ನನ್ನ ಅನಿಸಿಕೆ.

ದಾದಿ ಅಕ್ಕ (ಮಂಗಳವಾರ, ಬೆಳಿಗ್ಗೆ 10:30)

ಅಣ್ಣ, ನಮಗೇನೂ ಆಗಲಿಲ್ಲ ಎಂದು ಹೇಳಲು ನೀವು ನಾನು ಉಳಿದಿದ್ದೇವೆ. ನನ್ನ ತಾಯಿಗೆ ಏಳು ಹೆರಿಗೆಯಾಗಿ ನಾಲ್ವರು ಉಳಿದೆವು. ಇಬ್ಬರು ಹೋದದ್ದು ಪಕ್ಕೆ ಸೆಳೆತದಲ್ಲಿ, ಹೊಗೆ ತುಂಬಿದ ಅಡುಗೆಮನೆಯ ಮೂಲೆಯಲ್ಲಿ. ಯಾವುದರಿಂದ ಹೋದರೆಂದು ಆಗ ಯಾರೂ ಕೇಳಲಿಲ್ಲ. ಮನೆಯೊಳಗಿನ ಒಲೆಯ ಹೊಗೆ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಬರುವ ಸಂಭವವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಲೆ ಕಟ್ಟಿಗೆಯ ಹೊಗೆ ಸೌಮ್ಯ ಎಂಬ ನಂಬಿಕೆಯೇ ನಮ್ಮನ್ನು ಕೆಡಿಸಿದೆ. ಉರಿದ ಎಲೆಯಿಂದ ಏಳುವ ಕಣಗಳಲ್ಲಿ ಹೆಚ್ಚಿನವು 2.5 ಮೈಕ್ರೋಮೀಟರಿಗಿಂತ ಚಿಕ್ಕವು, ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲು, ಗಂಟಲಿನ ಕಫ ಎರಡನ್ನೂ ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತವೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಬೆಂಜೀನ್. ಕಣ್ಣು ಉರಿಸುವ ಅಕ್ರೋಲಿನ್ ಕೂಡ ಅದರಲ್ಲೇ ಇದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಬಂದವರ ಲೆಕ್ಕ ಹಿಡಿದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಷ್ಟೇ ಪ್ರಮಾಣದ ಕಣ ಬೇರೆ ಮೂಲದಿಂದ ಬಂದಾಗಿನದಕ್ಕಿಂತ ಕಾಡ್ಗಿಚ್ಚಿನಿಂದ ಬಂದಾಗ ಮಕ್ಕಳ ಉಸಿರಾಟಕ್ಕೆ ಸುಮಾರು ಹತ್ತು ಪಟ್ಟು ಹೆಚ್ಚು ಹಾನಿ ಎಂದು ಕಂಡುಕೊಂಡಿತು. ಐದು ವರ್ಷದೊಳಗಿನವರಿಗೆ ಪೆಟ್ಟು ಎಲ್ಲಕ್ಕಿಂತ ಜೋರು.

ಕಾರಣ ಮಗುವಿನ ದೇಹದಲ್ಲೇ ಇದೆ. ತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಹೆಚ್ಚು ಗಾಳಿ ಎಳೆಯುತ್ತದೆ. ಓಡುತ್ತದೆ, ಬಾಯಿಂದ ಉಸಿರಾಡುತ್ತದೆ. ಶ್ವಾಸನಾಳ ಸಣ್ಣದು. ನಮ್ಮಲ್ಲಿ ಒಂದು ಕೆಮ್ಮು ತರುವಷ್ಟು ಊತ ಅಲ್ಲಿ ದಾರಿಯನ್ನೇ ಮುಚ್ಚುತ್ತದೆ. ಶ್ವಾಸಕೋಶ ಇನ್ನೂ ಕಟ್ಟುತ್ತಿರುವ ಮನೆ, ಹರೆಯ ಮುಗಿಯುವವರೆಗೂ ಬೆಳೆಯುತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧನಾ ಕೇಂದ್ರದಲ್ಲಿ ಬಯಲಿನ ಆವರಣದಲ್ಲಿದ್ದ ಕೋತಿಮರಿಗಳು 2008ರ ಕಾಡ್ಗಿಚ್ಚಿನ ಹೊಗೆ ಕುಡಿದವು. ಮುಂದಿನ ವರ್ಷ ಹುಟ್ಟಿದ ಮರಿಗಳೊಂದಿಗೆ ಹೋಲಿಸಿ ನೋಡಿದಾಗ, ಹರೆಯಕ್ಕೆ ಬಂದ ಮೇಲೂ ಅವುಗಳ ಶ್ವಾಸಕೋಶದ ಗಾತ್ರ ಕಡಿಮೆಯಿತ್ತು. ಕೆಲವು ವಾರಗಳ ಹೊಗೆ, ವರ್ಷಗಳ ಗುರುತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೋಂಡಾ ಗಣಕ (ಮಂಗಳವಾರ, ಮಧ್ಯಾಹ್ನ 12:45)

ರಾತ್ರಿ ಎರಡರ ನಂತರವೇ ಕೆಮ್ಮು ಏಕೆ ಎಂಬುದಕ್ಕೆ ನನ್ನ ಬಳಿ ಒಂದು ಉತ್ತರವಿದೆ. ಮನೆಯಲ್ಲಿ ಕಣ ಅಳೆಯುವ ಸಣ್ಣ ಯಂತ್ರ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಗೋವಾದ ಗಾಳಿ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮಧ್ಯಾಹ್ನ ಕಡಲಿನಿಂದ ಘಟ್ಟದ ಕಡೆಗೆ ಬೀಸಿ ಹೊಗೆಯನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ನೆಲ ತಣಿದ ಮೇಲೆ ಗಾಳಿ ಘಟ್ಟದಿಂದ ಕಡಲಿನತ್ತ ಇಳಿಯುತ್ತದೆ. ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ನಿಂತುಬಿಡುತ್ತದೆ, ಅದರ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂರುತ್ತದೆ. ಹೊಗೆ ಆ ಮುಚ್ಚಳದ ಕೆಳಗೆ, ನಮ್ಮ ಮೂಗಿನ ಎತ್ತರದಲ್ಲಿ. ಬಿಸಿಲೇರುವವರೆಗೂ ಅದು ಕದಲುವುದಿಲ್ಲ. ನನ್ನ ಯಂತ್ರದಲ್ಲಿ ಬೆಳಗಿನ ಐದರಿಂದ ಎಂಟರ ಅಂಕಿ ಮಧ್ಯಾಹ್ನದ ಅಂಕಿಯ ಹಲವು ಪಟ್ಟು ಇರುತ್ತದೆ. ಮಕ್ಕಳು ಶಾಲೆಗೆ ನಡೆದು ಹೋಗುವುದು ಅದೇ ಹೊತ್ತಿಗೆ.

ಹಾಗಾಗಿ ಮೊಬೈಲಿನಲ್ಲಿ ಕಾಣುವ ದಿನದ ಗಾಳಿ ಗುಣಮಟ್ಟದ ಸೂಚ್ಯಂಕವನ್ನು ನೋಡಿ ನೆಮ್ಮದಿಯಾಗಬೇಡಿ. ಅದು 24 ಗಂಟೆಗಳ ಸರಾಸರಿ. ನಸುಕಿನ ಕೆಟ್ಟ ನಾಲ್ಕು ಗಂಟೆಗಳು ಮಧ್ಯಾಹ್ನದ ಒಳ್ಳೆಯ ಗಾಳಿಯಲ್ಲಿ ಕರಗಿಹೋಗುತ್ತವೆ. ಇನ್ನೊಂದು ವಿಷಯ: ಈ ಸೂಕ್ಷ್ಮ ಕಣಕ್ಕೆ ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ನಮ್ಮ ಲೆಕ್ಕದಲ್ಲಿ ತೃಪ್ತಿಕರ ಎನಿಸಿಕೊಳ್ಳುವ ಗಾಳಿಯೂ ಒಂದು ಕೂಸಿಗೆ ಹಿತವೆಂದು ಅರ್ಥವಲ್ಲ.

ವಾಳಪೈ ತಾಯಿ (ಮಂಗಳವಾರ, ಸಂಜೆ 4:20)

ಮಕ್ಕಳ ವೈದ್ಯರು ಎದೆಗೆ ಯಂತ್ರವಿಟ್ಟ ಕೂಡಲೇ ಉಬ್ಬಸ ಎಂದರು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಎರಡು ಸಲ ಕೊಟ್ಟರು. ಅರ್ಧ ಗಂಟೆಯಲ್ಲಿ ಮಗ ನನ್ನ ಬಳಿ ಬಿಸ್ಕತ್ತು ಕೇಳಿದ. ನನಗೆ ಅಳು ಬಂತು. ಚೋರ್ಲಾ ದಾರಿ ಅಣ್ಣ ನಾಲ್ಕು ಗಂಟೆ ಹೊರಗೇ ಕಾದಿದ್ದರು, ಚಹಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಈಗ ಉಸಿರಿನ ಜೊತೆ ಔಷಧ ಎಳೆದುಕೊಳ್ಳುವ ಪಂಪು (ಇನ್ಹೇಲರ್) ಮತ್ತು ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಬರೆದುಕೊಟ್ಟಿದ್ದಾರೆ. ಪಕ್ಕದ ಮನೆಯವರು ಪಂಪು ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡುವುದಿಲ್ಲ ಎಂದು ಹೆದರಿಸಿದ್ದಾರೆ. ಇಂದೂ ಅದೇ ಕೋಣೆಗೆ ಮರಳಬೇಕು. ಊರಿಗೆ ಕಳುಹಿಸಲೇ?

ದಾದಿ ಅಕ್ಕ (ಮಂಗಳವಾರ, ಸಂಜೆ 5:05)

ಪಂಪು ಚಟವಲ್ಲ. ಗುಳಿಗೆಯಲ್ಲಿ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತುವ ಔಷಧ ಇಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಅಷ್ಟೇ. ಚೆನ್ನಾಗಿ ಅಲುಗಾಡಿಸಿ, ಕೊಳವೆಯ ತುದಿಯ ಮುಖವಾಡ ಮೂಗು ಬಾಯಿಗೆ ಬಿಗಿಯಾಗಿ ಒತ್ತಿ, ಒಂದು ಸಲ ಒತ್ತಿದ ಮೇಲೆ ಐದಾರು ಉಸಿರು ಎಣಿಸಿ. ಎರಡನೆಯದು ಬೇಕಿದ್ದರೆ ಮತ್ತೆ ಅಲುಗಾಡಿಸಿಯೇ ಒತ್ತಬೇಕು. ಎಷ್ಟು ಸಲ, ಎಷ್ಟು ಹೊತ್ತಿಗೆ ಎಂಬುದು ವೈದ್ಯರ ಚೀಟಿಯಲ್ಲಿರುವಂತೆಯೇ ಇರಲಿ. ಅದರಿಂದ ನಾಲ್ಕು ಗಂಟೆಯೂ ಆರಾಮ ಸಿಗದಿದ್ದರೆ ಮತ್ತೆ ಆಸ್ಪತ್ರೆಗೆ.

ಊರಿನ ಮಾತು. ಅಜ್ಜಿಯ ಮನೆಯಲ್ಲಿ ಅಡುಗೆ ಯಾವುದರಲ್ಲಿ?

ವಾಳಪೈ ತಾಯಿ (ಮಂಗಳವಾರ, ಸಂಜೆ 5:12)

ಗ್ಯಾಸ್ ಇದೆ ಅಕ್ಕ. ಆದರೆ ಸಿಲಿಂಡರ್ ಮುಗಿದೀತೆಂದು ಚಹಾಕ್ಕೆ ಮಾತ್ರ. ರೊಟ್ಟಿ, ಅನ್ನ, ಸ್ನಾನದ ನೀರು ಎಲ್ಲವೂ ಕಟ್ಟಿಗೆಯ ಒಲೆಯಲ್ಲೇ. ಅಯ್ಯೋ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಚೋರ್ಲಾ ದಾರಿ (ಮಂಗಳವಾರ, ಸಂಜೆ 5:40)

ನಾನೂ ಯೋಚಿಸಿರಲಿಲ್ಲ. ಹೊಗೆಯಿಂದ ತಪ್ಪಿಸಲು ಹೊಗೆಯ ಮನೆಗೇ ಒಯ್ಯುತ್ತಿದ್ದೆನಲ್ಲ.

ದಾದಿ ಅಕ್ಕ (ಮಂಗಳವಾರ, ಸಂಜೆ 6:30)

ಅಜ್ಜಿ ಹದಿನೈದು ದಿನ ಗ್ಯಾಸಿನಲ್ಲೇ ಅಡುಗೆ ಮಾಡಲು ಒಪ್ಪಿದರೆ, ನೀರಿನ ಒಲೆ ಹಿತ್ತಲಿಗೆ ಹೋದರೆ, ಆಗ ಊರು ಒಳ್ಳೆಯದು. ಸಿಲಿಂಡರಿನ ದುಡ್ಡು ನೀವೇ ಕಳುಹಿಸಿ, ಆಸ್ಪತ್ರೆಯ ಖರ್ಚಿಗಿಂತ ಅದು ಕಡಿಮೆ.

ಅಲ್ಲಿಯವರೆಗೆ ಕೋಣೆಯ ವಿಚಾರ. ತಗಡಿನ ಮನೆಯನ್ನು ಪೂರ್ತಿ ಮುಚ್ಚಿ ಮಗುವನ್ನು ಸೆಕೆಯಲ್ಲಿ ಬೇಯಿಸಬೇಡಿ, ಅದೂ ಅಪಾಯವೇ. ಮಧ್ಯಾಹ್ನ ಗಾಳಿ ತಿಳಿಯಾದಾಗ ಎಲ್ಲ ತೆರೆದುಬಿಡಿ. ಸಂಜೆ ವಾಸನೆ ಏಳುವ ಮೊದಲೇ ಮುಚ್ಚಿ. ಮಲಗುವ ಬದಿಯ ಸಂದಿಗಳಿಗೆ ಹಳೆಯ ಸೀರೆ ತುರುಕಿ. ಒದ್ದೆ ಬಟ್ಟೆ ಸಂದಿ ಮುಚ್ಚಲಿಕ್ಕೆ ಸರಿ, ಆದರೆ ಮೂಗಿಗೆ ಕಟ್ಟಿದರೆ ಸಣ್ಣ ಕಣ ನಿಲ್ಲುವುದಿಲ್ಲ. ಎನ್95 ಮುಖಗವಸು ದೊಡ್ಡವರಿಗೆ ಒಳ್ಳೆಯದು, ನಾಲ್ಕು ವರ್ಷದ ಮುಖಕ್ಕೆ ಅದು ಬಿಗಿಯಾಗಿ ಕೂರದು. ಎರಡು ವರ್ಷದೊಳಗಿನ ಕೂಸಿಗೆ ಯಾವ ಮುಖಗವಸನ್ನೂ ಕಟ್ಟಬಾರದು.

ಒಳಗೆ ಹೊಸ ಹೊಗೆ ಹುಟ್ಟಿಸಬೇಡಿ. ಊದಿನಕಡ್ಡಿ, ಧೂಪ, ಒಗ್ಗರಣೆಯ ಘಾಟು. ಎಲ್ಲಕ್ಕಿಂತ ಮೊದಲು ಸೊಳ್ಳೆಬತ್ತಿ ನಿಲ್ಲಿಸಿ. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು ಸಂಶೋಧಕರು ಅಳೆದಿದ್ದಾರೆ. ಕಿಟಕಿ ಮುಚ್ಚಿ ಸುರುಳಿ ಹಚ್ಚುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಸೊಳ್ಳೆಪರದೆ ಕಟ್ಟಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಸಿನೀರಿನ ಹಬೆ ಹಿಡಿಸಬೇಡಿ, ಉಬ್ಬಸಕ್ಕೆ ಅದು ಔಷಧವಲ್ಲ, ಪಾತ್ರೆ ಮಗುಚಿ ಬೆಂದ ಮಕ್ಕಳನ್ನು ನೋಡಿದ್ದೇನೆ. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಎಂಬುದೂ ಸುಳ್ಳು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು.

ಫೋಂಡಾ ಗಣಕ (ಮಂಗಳವಾರ, ರಾತ್ರಿ 8:15)

ಅಕ್ಕನ ಮಾತಿಗೆ ಒಂದು ಸೇರ್ಪಡೆ. ಗಾಳಿ ಶುದ್ಧೀಕರಿಸುವ ಯಂತ್ರ ಕೊಳ್ಳಲಾಗದಿದ್ದರೆ ಮೇಜಿನ ಫ್ಯಾನಿನ ಹಿಂಬದಿಗೆ ಸೂಕ್ಷ್ಮ ಕಣ ಹಿಡಿಯುವ ಹೆಪಾ ಶೋಧಕದ ಹಾಳೆಯನ್ನು ಅಂಚೆಲ್ಲ ಟೇಪು ಹಾಕಿ ಕಟ್ಟಬಹುದು. ಮಗು ಮಲಗುವ ಮೂಲೆಗೆ ಸಾಕು. ಫ್ಯಾನ್ ಬಿಸಿಯಾಗುತ್ತದೆಯೇ ಎಂದು ನೋಡುತ್ತಿರಿ, ಯಾರೂ ಎಚ್ಚರವಿಲ್ಲದಾಗ ಓಡಿಸಬೇಡಿ. ನನ್ನ ಬಳಿ ಒಂದು ಹೆಚ್ಚುವರಿ ಶೋಧಕವಿದೆ, ನಾಳೆ ವಾಳಪೈ ಬಸ್ಸಿನಲ್ಲಿ ಕಳುಹಿಸುತ್ತೇನೆ.

ಕಾಜು ಬಾಗಾಯತ್ (ಬುಧವಾರ, ಮಧ್ಯಾಹ್ನ 1:30)

ಎರಡು ದಿನಗಳಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಹಿಂಜರಿದೆ. ಡಿಚೋಲಿ ಕಡೆ ಗುಡ್ಡದ ಗೇರುತೋಟವೊಂದನ್ನು ಬಾಡಿಗೆಗೆ ಹಿಡಿದು ಮಾಡುತ್ತಿದ್ದೇನೆ. ಬೆಂಕಿ ನಾನೂ ಹಚ್ಚಿದ್ದೇನೆ. ಈ ಗುಡ್ಡದಲ್ಲಲ್ಲ, ಈ ವರ್ಷವೂ ಅಲ್ಲ. ಆದರೆ ಹಚ್ಚಿದ್ದೇನೆ.

ಗೇರುಹಣ್ಣನ್ನು ಮರದಿಂದ ಕೀಳುವುದಿಲ್ಲ, ತಾನಾಗಿ ಬಿದ್ದದ್ದನ್ನು ಆಯುತ್ತೇವೆ. ನೆಲದಲ್ಲಿ ಒಣಹುಲ್ಲು ತರಗೆಲೆ ಇದ್ದರೆ ಹಣ್ಣೂ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ. ಅದನ್ನು ಗುಡಿಸಿ ತೆಗೆಯಲು ನಾಲ್ಕು ಆಳು, ನಾಲ್ಕು ದಿನ. ಬೆಂಕಿಕಡ್ಡಿಗೆ ಒಂದು ಗಂಟೆ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಗುಡ್ಡದಲ್ಲಿ ಬೆಂಕಿ ಏರುಮುಖಕ್ಕೆ ಓಡುತ್ತದೆ, ಒಮ್ಮೆ ನನ್ನ ಕೈ ಮೀರಿ ಮೇಲಿನ ಕಾಡಿಗೆ ದಾಟಿತು. ಹಸಿ ಸೊಪ್ಪು ಹಿಡಿದು ರಾತ್ರಿಯಿಡೀ ಬಡಿದು ಆರಿಸಿದೆವು. ಕೆಳಗಿನ ಊರಿನಲ್ಲಿ ಯಾರ ಮಗು ಕೆಮ್ಮಿತು ಎಂದು ನಾನು ಅಂದು ಯೋಚಿಸಲಿಲ್ಲ. ಈ ತಾಯಿಯ ಮಾತು ಓದಿದಾಗ ಅದು ಎದೆಗೆ ನಾಟಿತು.

ಹಳೆಯ ಮಾಸ್ತರ (ಬುಧವಾರ, ಮಧ್ಯಾಹ್ನ 3:10)

ಒಪ್ಪಿಕೊಂಡದ್ದಕ್ಕೆ ನಿಮಗೆ ವಂದನೆ. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ 30ನೆಯ ಕಲಮಿನ ಪ್ರಕಾರ ಅಪರಾಧ. ಮಹದಾಯಿ 1999ರಿಂದ ಅಭಯಾರಣ್ಯ. ಆದರೆ ಕಾಯ್ದೆ ತೋರಿಸುವುದಷ್ಟೇ ಆದರೆ ಜನ ರಾತ್ರಿ ಹಚ್ಚುತ್ತಾರೆ. ಘಟ್ಟದ ಈ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಗಾಳಿ, ಒಣಹವೆ ಅದನ್ನು ಹಬ್ಬಿಸುತ್ತವೆ. 2023ರ ಫೆಬ್ರುವರಿ ತಿಂಗಳ ಹಗಲಿನ ತಾಪ 1901ರಿಂದ ಈಚೆಗೆ ದೇಶದಲ್ಲೇ ಅತಿ ಹೆಚ್ಚು ಎಂದು ಹವಾಮಾನ ಇಲಾಖೆ ದಾಖಲಿಸಿತ್ತು. ಅದರ ಬೆನ್ನಿಗೇ ಮಾರ್ಚಿನ ಬೆಂಕಿ ಬಂತು. ಹಿಂದೆ ಆರಿಹೋಗುತ್ತಿದ್ದ ಕಿಡಿ ಅಂಥ ವರ್ಷದಲ್ಲಿ ಆರುವುದಿಲ್ಲ.

ತರಗೆಲೆಯನ್ನು ಗುಡಿಸಿ ಗೇರಿನ ಬುಡಕ್ಕೆ ಮುಚ್ಚಿಗೆ ಹಾಕಿ. ತೇವ ಉಳಿಯುತ್ತದೆ, ಕೊಳೆತರೆ ಗೊಬ್ಬರ. ನಾಲ್ಕು ಆಳಿನ ಖರ್ಚು ನಿಜ, ಅದನ್ನು ಒಬ್ಬ ಬಾಡಿಗೆದಾರನೇ ಹೊರಬೇಕೆನ್ನುವುದು ನ್ಯಾಯವಲ್ಲ. ಪಂಚಾಯತಿಯ ಮುಂದೆ ಈ ಬೇಡಿಕೆ ಇಡಬೇಕು. ಅರ್ಜಿ ನಾನು ಬರೆದುಕೊಡುತ್ತೇನೆ, ಕನ್ನಡದಲ್ಲೂ ಮರಾಠಿಯಲ್ಲೂ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಿಂದ ಬೆಂಕಿ ಕಂಡಾಗ ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ, ಹೆಸರು ನೋಂದಾಯಿಸಿದರೆ ಯಾರಿಗಾದರೂ ಸಿಗುತ್ತದೆ.

ಮತ್ತೆ ಶಾಲೆಯವರಿಗೆ: ಹೊಗೆಯ ದಿನಗಳಲ್ಲಿ ಬೆಳಗಿನ ಪ್ರಾರ್ಥನೆ ಒಳಗೇ ಆಗಲಿ, ಆಟ ಮಧ್ಯಾಹ್ನಕ್ಕೆ ಹೋಗಲಿ. ಬೆಂಕಿ ಆರಿದ ಮೇಲೆ ಮಕ್ಕಳನ್ನು ಬೂದಿಯಲ್ಲಿ ಆಡಲು ಬಿಡಬೇಡಿ. ಅದು ಚರ್ಮಕ್ಕೂ ಕಣ್ಣಿಗೂ ಉರಿ, ತುಳಿದರೆ ಮತ್ತೆ ಗಾಳಿಗೇಳುತ್ತದೆ. ಬೆಂಕಿ ಬಡಿಯಲು ಹೋದ ಅಪ್ಪಂದಿರು ಬಟ್ಟೆ ಬದಲಿಸಿ ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳಿ.

ಜುವಾರಿನಗರ 77 (ಬುಧವಾರ, ರಾತ್ರಿ 9:50)

ಅಕ್ಕ, ನೆನ್ನೆಯ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರಾತ್ರಿ ಅವ್ವನಿಗೆ ಫೋನ್ ಮಾಡಿ ಕೇಳಿದೆ. ನನಗಿಂತ ಮೊದಲು ಒಬ್ಬ ಅಣ್ಣ ಇದ್ದನಂತೆ. ಎಂಟು ತಿಂಗಳು. ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿಗೆ ಈಗ ಆರನೆಯ ತಿಂಗಳು. ಅವಳೂ ಎಚ್ಚರ ವಹಿಸಬೇಕೇ?

ದಾದಿ ಅಕ್ಕ (ಬುಧವಾರ, ರಾತ್ರಿ 10:20)

ಹೌದು ತಮ್ಮ. ಬಸಿರಿನಲ್ಲಿ ಹೊಗೆ ಕುಡಿದರೆ ಕೂಸಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು. ಇಂಡೊನೇಷ್ಯಾದಲ್ಲಿ 1997ರ ಕಾಡ್ಗಿಚ್ಚಿನ ಹೊಗೆಯಿಂದ, ಹುಟ್ಟಿದ ಮತ್ತು ಇನ್ನೂ ಹುಟ್ಟದ ಕೂಸುಗಳು ಸೇರಿ 15,600 ಜೀವ ಹೋಯಿತೆಂದು ಅರ್ಥಶಾಸ್ತ್ರಜ್ಞೆ ಸೀಮಾ ಜಯಚಂದ್ರನ್ ಜನಗಣತಿಯಿಂದ ಅಂದಾಜು ಮಾಡಿದ್ದಾರೆ. ಅವಳಿಗೆ ಎನ್95 ಕೊಡಿಸಿ, ಬೆಳಗಿನ ಹೊತ್ತು ಹೊರಗೆ ಕಳುಹಿಸಬೇಡಿ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ವಾಳಪೈ ತಾಯಿ (ಶನಿವಾರ, ಬೆಳಿಗ್ಗೆ 7:40)

ಶೋಧಕ ಬಂತು, ಫ್ಯಾನಿಗೆ ಕಟ್ಟಿದ್ದೇವೆ. ಎರಡು ದಿನಕ್ಕೆ ಬಿಳಿಯ ಹಾಳೆ ಬೂದುಬಣ್ಣವಾಗಿದೆ. ಅದನ್ನು ಅತ್ತೆಯವರಿಗೆ ಚಿತ್ರ ತೆಗೆದು ಕಳುಹಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಾಳೆಯಿಂದ ಗ್ಯಾಸಿನಲ್ಲೇ ಮಾಡುತ್ತೇನೆ, ಮಗುವನ್ನು ಕರೆದುಕೊಂಡು ಬಾ ಎಂದರು. ನಾಳೆ ಅಣ್ಣನ ಗಾಡಿಯಲ್ಲಿ ಹೊರಡುತ್ತೇವೆ. ರಾತ್ರಿ ಮಗ ಒಂದೇ ಸಲ ಎದ್ದ. ಉಸಿರು 28.

ಒಂದು ಪ್ರಶ್ನೆ ಉಳಿದಿದೆ ಅಕ್ಕ. ಆ ಪ್ಲಾಸ್ಟಿಕ್ ಕೊಳವೆಯನ್ನು ತೊಳೆಯುವುದು ಹೇಗೆ?

ದಾದಿ ಅಕ್ಕ (ಶನಿವಾರ, ಬೆಳಿಗ್ಗೆ 8:05)

ಬಿಡಿಸಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ತೆಗೆಯಿರಿ. ಬಟ್ಟೆಯಿಂದ ಒರೆಸಬೇಡಿ, ಉಜ್ಜಿದರೆ ಪ್ಲಾಸ್ಟಿಕ್‌ಗೆ ವಿದ್ಯುತ್ ಹತ್ತಿ ಔಷಧವೆಲ್ಲ ಗೋಡೆಗೇ ಅಂಟುತ್ತದೆ. ನೆಟ್ಟಗೆ ನಿಲ್ಲಿಸಿ ಗಾಳಿಗೆ ಒಣಗಲು ಬಿಡಿ. ಊರಿಗೆ ಹೋಗುವಾಗ ಪಂಪನ್ನು ಚೀಲದ ತಳಕ್ಕೆ ಹಾಕದೆ ಕೈಗೆ ಸಿಗುವಲ್ಲಿ ಇಡಿ, ಚೀಟಿಯನ್ನೂ ಅದರ ಜೊತೆಗೇ.